ಬಲ್ಬ್ ಕೊಳ್ಳೋ ಮುಂಚೆ ಹೋಲ್ಡರ್ ನೋಡಿ

ಕಾರಿನಲ್ಲಿ ಒಂದೇ ಕಡೆ ಹೆಡ್‌ಲೈಟ್ ಉರಿಯದಿದ್ದರೆ ಹೊಸ ಬಲ್ಬ್ ಹಾಕಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಮೊದಲು ಎಡ-ಬಲದ ಬಲ್ಬ್ ಅದಲುಬದಲು ಮಾಡಿ ನೋಡಿ, ಕಾಸಿಲ್ಲದೆ ಉತ್ತರ ಸಿಗುತ್ತೆ (ಹ್ಯಾಲೊಜನ್ ಗಾಜಿಗೆ ಬೆರಳು ತಾಗಿಸಬೇಡಿ, ಜಿಡ್ಡಿಗೇ ಬೇಗ ಹೋಗುತ್ತೆ). ಬಲ್ಬ್ ಸರಿಯಿದ್ದರೆ ಆ ಕಡೆಯ ಫ್ಯೂಸ್, ಆಮೇಲೆ ಹೋಲ್ಡರ್. 60/55 ವ್ಯಾಟ್‌ನ ಎಚ್4 (ಹೈ, ಲೋ ಬೀಮ್ ಎರಡೂ ಒಂದರಲ್ಲೇ ಇರೋ ಬಲ್ಬ್) ಜಾಗಕ್ಕೆ 100/90 ಹಾಕಿಸಿದ ಕಾರುಗಳಲ್ಲಿ ಪ್ಲಾಸ್ಟಿಕ್ ಹೋಲ್ಡರ್ ಕರಗಿ ಪಿನ್ ಸಡಿಲವಾಗಿರೋದೇ ಹೆಚ್ಚು. ಸೆರಾಮಿಕ್ ಹೋಲ್ಡರ್ ಹಾಕಿಸಿ, ಬಲ್ಬ್ 60/55ಕ್ಕೇ ಇಳಿಸಿ.

ಮಂಕಾಗಿ ಉರಿದರೆ ಅರ್ಥ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ) ಮೇಲೆ ಅನುಮಾನ. ಲೈಟ್ ಹಾಕಿಟ್ಟುಕೊಂಡೇ ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಮಲ್ಟಿಮೀಟರ್ (ವೋಲ್ಟ್ ಅಳೆಯೋ ಮೀಟರ್) ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಬಾಡಿ ಮೇಲಿನ ಅರ್ಥ್ ಬೋಲ್ಟಿನ ತುಕ್ಕು ಉಜ್ಜಿ ಬಿಗಿ ಮಾಡಿ. ಸ್ವಿಚ್ಚೇ ಅರ್ಥ್ ಕಡೆ ಇರೋ ಕಾರುಗಳಲ್ಲಿ ಮಾತ್ರ ವೈರಿಂಗ್ ನಕ್ಷೆ ನೋಡದೆ ಮೀಟರ್ ಹಿಡಿದರೆ ದಾರಿ ತಪ್ಪುತ್ತೆ.