ಒಂದೇ ಒಂದು ಓ-ರಿಂಗ್ ಕೇಳುವ ಗಿರಾಕಿ

ಹಳೆಯ ಪಂಪು, ಮೋಟಾರುಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಕಸುಬು. ಇದರಲ್ಲಿ ಒಮ್ಮೆಗೆ ಬೇಕಾಗುವುದು ಒಂದು ಬೇರಿಂಗ್, ಒಂದು ಬೆಲ್ಟು, ಎರಡು ಓ-ರಿಂಗು (ಸೋರಿಕೆ ತಡೆಯುವ ರಬ್ಬರ್ ಬಳೆ), ನಾಲ್ಕು ಬೋಲ್ಟು. ಅದಕ್ಕಿಂತ ಹೆಚ್ಚು ಕೊಳ್ಳುವ ದಿನ ಅಪರೂಪ. ಬಹುಕಾಲ ನನಗೆ ಇವನ್ನೆಲ್ಲ ಒದಗಿಸುತ್ತಿದ್ದ ಅಂಗಡಿಯನ್ನು ಅದರ ಮಾಲೀಕರು ದೊಡ್ಡ ವಿತರಣಾ ಸಂಸ್ಥೆಯೊಂದಕ್ಕೆ ಮಾರಿದರು. ಇಂಥ ಮಾರಾಟದಿಂದ ಸಣ್ಣ ಗಿರಾಕಿಗೆ ಆಗುವ ನಷ್ಟವೆಂದರೆ ಬೆಲೆ ಏರಿಕೆಯೇ ಎಂದು ಹೆಚ್ಚಿನವರು ಭಾವಿಸುತ್ತಾರೆ. ನನಗೆ ಬೆಲೆ ಅಷ್ಟೇನೂ ಏರಲಿಲ್ಲ. ಇಲ್ಲವಾದದ್ದು ಕೌಂಟರಿನ ಆಚೆ ನಿಂತವರು ಕೇಳುತ್ತಿದ್ದ ಪ್ರಶ್ನೆಗಳು.

ಒಂದೇ ಅಳತೆಯ ಎರಡು ಕಪ್ಪು ಓ-ರಿಂಗುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ನೈಟ್ರೈಲ್ ರಬ್ಬರಿನದು, ಇನ್ನೊಂದು ಇಪಿಡಿಎಂ ಎಂಬ ಬೇರೆ ಬಗೆಯ ರಬ್ಬರಿನದಾಗಿರಬಹುದು. ನೈಟ್ರೈಲ್ ಎಣ್ಣೆಯನ್ನು ತಾಳಿಕೊಳ್ಳುತ್ತದೆ. ಇಪಿಡಿಎಂ ಬಿಸಿನೀರು, ಹಬೆಗಳಿಗೆ ಒಳ್ಳೆಯದಾದರೂ ಖನಿಜ ತೈಲ ತಾಗಿದರೆ ಉಬ್ಬಿಕೊಂಡು ಕೆಡುತ್ತದೆ. ಹಳೆಯ ಕೌಂಟರಿನಲ್ಲಿದ್ದ ಹಿರಿಯರು ಅಳತೆ ಕೇಳುವ ಮೊದಲೇ ‘ಎಣ್ಣೆ ತಾಗುತ್ತದೋ, ನೀರು ತಾಗುತ್ತದೋ’ ಎಂದು ಕೇಳುತ್ತಿದ್ದರು. 6203 ಬೇರಿಂಗ್ ಬೇಕೆಂದರೆ, ಅದು 17 ಮಿಲಿಮೀಟರ್ ಒಳವ್ಯಾಸದ, 40 ಮಿಲಿಮೀಟರ್ ಹೊರವ್ಯಾಸದ ಸಾಮಾನ್ಯ ಮಾಲೇ ಆಗಿದ್ದರೂ, ಧೂಳಿರುವ ಜಾಗಕ್ಕೋ, ಬಿಸಿಯಾಗುವ ಮೋಟಾರಿಗೋ ಎಂದು ವಿಚಾರಿಸದೆ ಕೊಡುತ್ತಿರಲಿಲ್ಲ. ರಬ್ಬರ್ ಸೀಲಿನದು ಬೇಕೋ, ಲೋಹದ ಮುಚ್ಚಳದ್ದು ಸಾಕೋ, ಒಳಗಿನ ಸಡಿಲ ತುಸು ಹೆಚ್ಚಿರುವ ಸಿ3 ಬೇಕೋ ಎಂಬುದು ಆ ಉತ್ತರದಿಂದಲೇ ತೀರ್ಮಾನವಾಗುತ್ತಿತ್ತು. ಪೈಪಿನ ಜೋಡಣೆಯಲ್ಲಂತೂ ಇದು ಇನ್ನೂ ಸೂಕ್ಷ್ಮ. ಅರ್ಧ ಅಂಗುಲದ ಬಿಎಸ್‌ಪಿ, ಎನ್‌ಪಿಟಿ ಎಂಬ ಎರಡು ಬಗೆಯ ಪೈಪ್ ತಿರುಪುಗಳಲ್ಲೂ ಅಂಗುಲಕ್ಕೆ 14 ಥ್ರೆಡ್‌ಗಳೇ. ಆದರೆ ಒಂದರ ಥ್ರೆಡ್ಡಿನ ಕೋನ 55 ಡಿಗ್ರಿ, ಇನ್ನೊಂದರದು 60. ಒಂದರೊಳಗೆ ಇನ್ನೊಂದು ಹಲವು ಸುತ್ತು ಸರಾಗವಾಗಿ ಕೂರುವುದರಿಂದ ಎಲ್ಲ ಸರಿಯಿದೆಯೆಂದೇ ಅನ್ನಿಸುತ್ತದೆ. ಒತ್ತಡ ಬಿದ್ದ ಮೇಲೆ ಸೋರುತ್ತದೆ. ಸವೆದ ಹಳೆಯ ತುಂಡನ್ನು ಬೆಳಕಿಗೆ ಹಿಡಿದು, ಥ್ರೆಡ್ ಗೇಜ್ ಇಟ್ಟು, ಇದು ಯಾವುದೆಂದು ಹೇಳಬಲ್ಲವರು ಅಲ್ಲಿದ್ದರು.

ಅಂಗಡಿ ಕೈಬದಲಾದಾಗ ಸಣ್ಣ ಗಿರಾಕಿಗಳನ್ನು ಓಡಿಸಬೇಕೆಂದು ಯಾರೂ ಕುಳಿತು ನಿರ್ಧರಿಸುವುದಿಲ್ಲ ಎಂದೇ ನಾನು ನಂಬಿದ್ದೇನೆ. ಖರೀದಿಗೆ ಹಾಕಿದ ಹಣ, ಎಷ್ಟೋ ಸಲ ಸಾಲದ ಹಣ, ಬೇಗ ಹಿಂದಿರುಗಬೇಕು. ಆದ್ದರಿಂದ ಕಪಾಟಿನಲ್ಲಿ ಕುಳಿತ ಮಾಲು ಹೊಸಬರ ಕಣ್ಣಿಗೆ ಸಿಕ್ಕಿಬಿದ್ದ ದುಡ್ಡಾಗಿ ಕಾಣುತ್ತದೆ. ವಾರ್ಷಿಕ ವಹಿವಾಟಿನ ಮೌಲ್ಯದ ಮೇಲೆ ಮಾಲನ್ನು ಎ, ಬಿ, ಸಿ ಎಂದು ವಿಂಗಡಿಸುವ ಪದ್ಧತಿ ಎಲ್ಲೆಡೆ ಬಳಕೆಯಲ್ಲಿದೆ. ನಾನು ಕೇಳುವುದರಲ್ಲಿ ಬಹುಪಾಲು ಸಿ ಗುಂಪಿನದು, ಅಂದರೆ ತೀರ ಕಡಿಮೆ ಮೌಲ್ಯದ್ದು. ಅದು ಮೊದಲು ದೂರದ ಕೇಂದ್ರ ಗೋದಾಮಿಗೆ ಹೋಗುತ್ತದೆ, ಆಮೇಲೆ ಬಿಡಿಯಾಗಿ ಸಿಗದೆ ನೂರರ ಪೊಟ್ಟಣವಾಗುತ್ತದೆ, ಕೊನೆಗೆ ಪಟ್ಟಿಯಿಂದಲೇ ಕಾಣೆಯಾಗುತ್ತದೆ. ಒಂದು ಬೋಲ್ಟಿಗೆ ಬಿಲ್ ಮಾಡುವ ಶ್ರಮವೂ ಸಾವಿರ ಬೋಲ್ಟಿಗೆ ಬಿಲ್ ಮಾಡುವ ಶ್ರಮವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕನಿಷ್ಠ ಖರೀದಿಯ ಮಿತಿ ಬರುತ್ತದೆ. ಈ ಲೆಕ್ಕದಲ್ಲಿ ಸುಳ್ಳಿಲ್ಲ.

ಆದರೆ ಲೆಕ್ಕಕ್ಕೆ ಸಿಗದದ್ದು ಬಹಳ ಇದೆ. ಕಂಪ್ಯೂಟರಿನಲ್ಲಿ ದಾಖಲಾಗುವುದು ಮಾರಾಟವಾದ ಮಾಲು. ‘ಇಲ್ಲ’ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳಿದವನ ಬೇಡಿಕೆ ಸಾಮಾನ್ಯವಾಗಿ ಎಲ್ಲಿಯೂ ದಾಖಲಾಗುವುದಿಲ್ಲ. ಇಲ್ಲದ ವಸ್ತು ಮಾರಾಟವಾಗಲಿಲ್ಲ, ಮಾರಾಟವಾಗದ್ದಕ್ಕೆ ಬೇಡಿಕೆಯಿಲ್ಲ, ಬೇಡಿಕೆಯಿಲ್ಲದ್ದನ್ನು ತರಿಸುವುದು ಬೇಡ ಎಂದು ವರದಿ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತ ಹೋಗುತ್ತದೆ. ಅತ್ತ ಒಂದು ಸೀಲು ಸಿಗದ ಪಂಪು ಗುಜರಿಗೆ ಹೋಗುತ್ತದೆ.

ಮಾರಿದ ಮಾಲೀಕರನ್ನು ನಾನು ದೂರುವುದಿಲ್ಲ. ವಯಸ್ಸಾಗಿ, ಮುಂದೆ ನಡೆಸುವವರಿಲ್ಲದೆ ಮುಚ್ಚಿಹೋಗಬಹುದಾದ ಎಷ್ಟೋ ಅಂಗಡಿಗಳು ಹೀಗೆ ಉಳಿದಿವೆ. ಸಣ್ಣ ವಿತರಕರನ್ನು ಒಂದೊಂದಾಗಿ ಕೊಂಡು ಬೆಳೆಯುವ ಮಾರ್ಗ ಹೊಸದೂ ಅಲ್ಲ: ಅಮೆರಿಕದಲ್ಲಿ 1982ರಲ್ಲಿ ಆರಂಭವಾದ ಏರ್‌ಗ್ಯಾಸ್ ಅನಿಲ ಮತ್ತು ವೆಲ್ಡಿಂಗ್ ಸಾಮಗ್ರಿಯ ನೂರಾರು ಸ್ಥಳೀಯ ವ್ಯಾಪಾರಗಳನ್ನು ಕೊಳ್ಳುತ್ತ ಬೆಳೆದು, 2016ರಲ್ಲಿ ತಾನೇ ಫ್ರಾನ್ಸಿನ ಏರ್ ಲಿಕ್ವಿಡ್ ಸಂಸ್ಥೆಯ ಪಾಲಾಯಿತು. ಹೀಗೆ ಕೊಳ್ಳುವಾಗ ಆಸ್ತಿಯ ಮೌಲ್ಯಕ್ಕಿಂತ ಹೆಚ್ಚಾಗಿ ಕೊಟ್ಟ ಹಣವನ್ನು ಲೆಕ್ಕಪತ್ರದಲ್ಲಿ ಗುಡ್‌ವಿಲ್ ಎಂದು ಬರೆಯುತ್ತಾರೆ. ಆ ಮೊತ್ತದ ಹಿಂದೆ ಗಿರಾಕಿಗಳ ನಂಬಿಕೆಯೂ ಕೆಲಸಗಾರರ ತಿಳಿವಳಿಕೆಯೂ ಇರುತ್ತವೆ. ಹಣ ತೆತ್ತು ಪಡೆದ ಅದನ್ನೇ ಕೌಂಟರಿನ ಹಿರಿಯರನ್ನು ಬೇಗ ಮನೆಗೆ ಕಳುಹಿಸಿ ಕಳೆದುಕೊಳ್ಳುವುದು ನನಗೆ ಅತ್ಯಂತ ನೋವು ತರುವ ಸಂಗತಿ. ಅವರ ಕೈಬರಹದ ಪುಸ್ತಕದಲ್ಲಿ ಯಾವ ಹಳೆಯ ಯಂತ್ರಕ್ಕೆ ಯಾವ ಸೀಲು ಹೊಂದುತ್ತದೆ ಎಂಬ ಟಿಪ್ಪಣಿಗಳಿದ್ದವು. ಆ ಪುಸ್ತಕ ಈಗ ಎಲ್ಲಿದೆಯೆಂದು ಯಾರೂ ಹೇಳಲಿಲ್ಲ.

ಹೊಸಬರಿಂದ ಆದ ಒಳ್ಳೆಯದನ್ನೂ ಹೇಳಬೇಕು. ಯಾವ ಶಾಖೆಯಲ್ಲಿ ಯಾವ ಮಾಲಿದೆಯೆಂದು ಮನೆಯಲ್ಲೇ ನೋಡಬಹುದು, ಬೆಲೆ ಎಲ್ಲರಿಗೂ ಒಂದೇ, ತಪ್ಪು ವಸ್ತು ಬಂದರೆ ಹಿಂದಿರುಗಿಸುವುದು ಸುಲಭ. ನಮ್ಮಲ್ಲೂ ತಪ್ಪಿದೆ: ಕೌಂಟರಿನಲ್ಲಿ ಸಲಹೆ ಪಡೆದು, ವಸ್ತುವನ್ನು ಮಾತ್ರ ಅಗ್ಗವೆಂದು ಆನ್‌ಲೈನಿನಲ್ಲಿ ತರಿಸಿಕೊಂಡವರಲ್ಲಿ ನಾನೂ ಒಬ್ಬ. ಸಲಹೆಗೆ ಬೆಲೆ ಕೊಡದ ನಾವು ಅದನ್ನು ಉಚಿತವೆಂದು ತಿಳಿದಿದ್ದೆವು.

ಕಳೆದ ತಿಂಗಳು ಶಾಖೆಯ ವ್ಯವಸ್ಥಾಪಕರಿಗೆ ಪತ್ರ ಬರೆದು ಮೂರು ಕೋರಿಕೆಗಳನ್ನು ಮುಂದಿಟ್ಟಿದ್ದೇನೆ. ಪೊಟ್ಟಣ ಒಡೆದು ಬಿಡಿಯಾಗಿ ಕೊಡಿ, ಅದಕ್ಕೆ ಹೆಚ್ಚುವರಿ ಶುಲ್ಕ ಹಾಕಿದರೂ ಕೊಡುತ್ತೇವೆ. ‘ಇಲ್ಲ’ ಎಂದು ಹೇಳಿದ ಪ್ರತಿ ವಸ್ತುವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ನಿವೃತ್ತರಾದ ಹಿರಿಯರನ್ನು ವಾರಕ್ಕೆ ಎರಡು ದಿನವಾದರೂ ಕರೆಸಿ, ಹೊಸ ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ. ಎರಡನೆಯದನ್ನು ಮಾಡಿನೋಡುವುದಾಗಿ ಅವರು ಒಪ್ಪಿದ್ದಾರೆ. ಹಾಳೆ ಈಗ ಕೌಂಟರಿನ ಮೇಲಿದೆ, ಮೊದಲ ಸಾಲಿನಲ್ಲಿ ನಾನು ಕೇಳಿದ ಓ-ರಿಂಗಿನ ಅಳತೆಯಿದೆ.