ಕಿವಿ ಚುಚ್ಚಿಸಲು ಬೇಕು, ಕೋರ್ಟಿಗೆ ಬೇಡ

"ನೀವ್ಯಾರು?"

ಇವತ್ತು ಬೆಳಿಗ್ಗೆ ಕೌಟುಂಬಿಕ ನ್ಯಾಯಾಲಯದಲ್ಲಿ ಕೇಳಿದರು. ಮಗುವಿನ ಸೋದರಮಾವ ಸ್ವಾಮಿ, ಅಂದೆ. ಪಾಪುವಿನ ಕಿವಿ ಚುಚ್ಚಿಸುವಾಗ ನನ್ನ ತೊಡೆಯೇ ಆಗಬೇಕು ಅಂತ ಮನೆಮಂದಿಯೆಲ್ಲ ಹಟ ಹಿಡಿದಿದ್ದರು. ಅದೇ ಪಾಪುವಿನ ಜೀವನಾಂಶದ ಕೇಸಿನಲ್ಲಿ ನಾನು ಯಾರೂ ಅಲ್ಲ.

ತಂಗಿ ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಪಾಪುವಿನ ಜೀವನಾಂಶಕ್ಕೆ ಅವನ ಮೇಲೆ ಕೇಸು ಹಾಕಿದ್ದಾಳೆ. ಗಾರ್ಮೆಂಟ್ಸ್ ಕೆಲಸ, ರಜೆ ಹಾಕಿದರೆ ಸಂಬಳ ಕಟ್. ಈ ಸಲ ರಜೆಯೂ ಸಿಗಲಿಲ್ಲ. 'ನನ್ನ ಪರವಾಗಿ ನಮ್ಮಣ್ಣ ಬರುತ್ತಾನೆ' ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದಳು. ಆ ಕಾಗದವನ್ನು ಗುಮಾಸ್ತರು ಮುಟ್ಟಲೂ ಇಲ್ಲ. ನಮ್ಮ ವಕೀಲರು ಬೇರೆ ಕೋರ್ಟಿನಲ್ಲಿದ್ದರಂತೆ. ಸೈಟು ಮಾರಲು ಜಿಪಿಎ, ಅಂದರೆ ನಮ್ಮ ಪರವಾಗಿ ಇನ್ನೊಬ್ಬರು ವ್ಯವಹರಿಸಲು ಕೊಡುವ ಅಧಿಕಾರಪತ್ರ, ಬರೆದುಕೊಟ್ಟು ಆರಾಮಾಗಿ ಮನೆಯಲ್ಲಿರಬಹುದು. ಮಗುವಿನ ಹಾಲಿನ ದುಡ್ಡು ಕೇಳಲು ಮಾತ್ರ ತಾಯಿಯೇ ಬರಬೇಕು.

ಕಾನೂನು ಓದಿದ ಗೆಳೆಯರು ಈಗಲೇ ಕಾಮೆಂಟ್ ಟೈಪ್ ಮಾಡುತ್ತಿರುತ್ತೀರಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್, ಅಲ್ಲಿ ವಕೀಲರಿಗೇ ಹಕ್ಕಿನ ಪ್ರವೇಶವಿಲ್ಲ, ಗಂಡ ಹೆಂಡತಿ ಎದುರುಬದುರು ಕೂತು ರಾಜಿಯಾಗಲಿ ಅಂತ. ಒಪ್ಪಿದೆ. ತಂಗಿಗಷ್ಟೇ ಗೊತ್ತಿರುವ ಸಂಗತಿಗೆ ನಾನು ಜಿಪಿಎ ಹಿಡಿದು ಕಟಕಟೆ ಹತ್ತಿ ಸಾಕ್ಷಿ ಹೇಳಲಾಗದು. ಅದನ್ನೂ ಒಪ್ಪಿದೆ. ಆದರೆ ಇವತ್ತು ಸಾಕ್ಷಿ ಎಲ್ಲಿತ್ತು, ರಾಜಿ ಎಲ್ಲಿತ್ತು? ತಂಗಿಯ ಗಂಡ ಆಸ್ತಿ, ಆದಾಯದ ಅಫಿಡವಿಟ್ ಕೊಡಬೇಕಿತ್ತು. ಇಬ್ಬರೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಕೊಡಲಿಲ್ಲ. ಟೈಮ್ ಕೇಳಿದರು, ಡೇಟ್ ಬಿತ್ತು. ಎರಡು ನಿಮಿಷ. ಅಂದಹಾಗೆ ಅವನೂ ಬಂದಿರಲಿಲ್ಲ. ಅವನ ವಕೀಲರು ಬಂದಿದ್ದೇ ಸಾಕಾಯಿತು!

ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವ ತನಕದ ಖರ್ಚಿನ, ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನದಲ್ಲಿ ಆದಷ್ಟೂ ಮುಗಿಸಬೇಕಂತೆ. ನಮಗಿದು ಎಂಟನೇ ತಿಂಗಳು. 'ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆಯಲ್ಲ, 15100ಕ್ಕೆ ಫೋನ್ ಮಾಡಿ' ಅನ್ನಬೇಡಿ. ನಮ್ಮ ವಕೀಲರು ಸಿಕ್ಕಿದ್ದೇ ಹಾಗೆ.

ಬಸ್ಸಿನಲ್ಲಿ ಬರುವಾಗ ಇನ್ನೊಂದು ನೆನಪಾಯಿತು. ಹೇಳಲೋ ಬೇಡವೋ ಅಂದುಕೊಂಡೆ. ತಂಗಿ ಮೊದಲ ಸಲ ಗಂಡನ ಮನೆ ಬಿಟ್ಟು ಬಂದಾಗ ಹಿರಿಯರೆಲ್ಲ ಕೂತು ಪಂಚಾಯ್ತಿ ಮಾಡಿದ್ದರು. ಅವಳ ಪರವಾಗಿ ಮಾತಾಡಿದ್ದು ನಾನೇ. 'ಹೋಗ್ತಾಳೆ ಬಿಡಿ, ಹೊಂದ್ಕೊಂಡು ಹೋಗ್ತಾಳೆ' ಅಂದಿದ್ದೆ. ಅವಳು ಒಳಗೆ ಅಡುಗೆಮನೆಯಲ್ಲಿದ್ದಳು, ಒಂದು ಮಾತು ಕೇಳಿರಲಿಲ್ಲ. ಸಹಿ ಇಲ್ಲ, ಕಾಗದ ಇಲ್ಲ. ನೀವ್ಯಾರು ಅಂತ ಅವತ್ತು ಯಾರೂ ಕೇಳಲಿಲ್ಲ.

ಸಂಜೆ ಫೋನ್ ಮಾಡಿ ಡೇಟ್ ಹೇಳಿದೆ. "ಬಿಡಣ್ಣ, ಅವತ್ತು ನಾನೇ ಹೋಗ್ತೀನಿ" ಅಂದಳು.