ಮೆಕ್ಲೆಲನ್ ಸಾಹೇಬರು ಗೆದ್ದಿದ್ದರೆ

ಅಮೆರಿಕದವರಿಗೆ ಜನರಲ್‌ಗಳನ್ನು ಕಂಡರೆ ಭಾರೀ ಅಕ್ಕರೆ. ವಾಷಿಂಗ್ಟನ್ನರಿಂದ ಐಸೆನ್‌ಹೋವರ್‌ವರೆಗೆ 12 ಮಂದಿ ಜನರಲ್‌ಗಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. 1848ರಲ್ಲಿ ಗೆದ್ದ ಝಕರಿ ಟೇಲರ್ ಅದಕ್ಕೂ ಮುಂಚೆ ಅಧ್ಯಕ್ಷರ ಚುನಾವಣೆಯಲ್ಲಿ ಒಮ್ಮೆಯೂ ಓಟು ಹಾಕಿದವರಲ್ಲ. ನಿವೃತ್ತ ಜನರಲ್ ಕಾಲಿನ್ ಪೊವೆಲ್ 2016ರಲ್ಲಿ ಕಣಕ್ಕೇ ಇಳಿದಿರಲಿಲ್ಲ. ಆದರೂ ಜನರ ಪರವಾಗಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳಲ್ಲಿ ವಾಷಿಂಗ್ಟನ್ ರಾಜ್ಯದ ಮೂವರು ತಮ್ಮ ಪಕ್ಷವನ್ನು ಬಿಟ್ಟು ಅವರಿಗೆ ಓಟು ಒತ್ತಿ ಬಂದರು. ಎದೆ ಮೇಲೆ ಪದಕ ಇದ್ದರೆ ಸಾಕು, ತಲೆಯೊಳಗೆ ಏನಿದೆ ಅಂತ ಆಮೇಲೆ ನೋಡಿದರಾಯಿತು.

ಹಾಗಾಗಿ ‘ಆ ಜನರಲ್ ಅಧ್ಯಕ್ಷರಾಗಿದ್ದರೆ ಏನಾಗ್ತಿತ್ತು’ ಎಂಬ ಆಟ ಅಲ್ಲಿ ಮುಗಿಯುವುದೇ ಇಲ್ಲ. ಕೆಲವರು ಎರಡನೇ ಮಹಾಯುದ್ಧದ ಜನರಲ್ ಮ್ಯಾಕ್‌ಆರ್ಥರ್ ಗೆದ್ದಿದ್ದರೆ ಅಂತ ಕನಸು ಕಾಣುತ್ತಾರೆ. ನನ್ನ ಓಟು ಮಾತ್ರ ಜಾರ್ಜ್ ಮೆಕ್ಲೆಲನ್ ಸಾಹೇಬರಿಗೆ. 1864ರಲ್ಲಿ, ಉತ್ತರದವರಿಗೂ ಒಕ್ಕೂಟ ಬಿಟ್ಟುಹೋದ ದಕ್ಷಿಣದವರಿಗೂ ನಡೆದ ಅಂತರ್ಯುದ್ಧದ ನಟ್ಟನಡುವೆ, ಲಿಂಕನ್ ಎದುರು ನಿಂತವರು. ಯುದ್ಧವನ್ನು ಆದಷ್ಟೂ ಮುಂದಕ್ಕೆ ಹಾಕುತ್ತಲೇ ಯುದ್ಧವೀರ ಅನ್ನಿಸಿಕೊಳ್ಳುವುದು ಸುಮ್ನೆ ಮಾತಲ್ಲ.

1861ರಲ್ಲಿ ಉತ್ತರದವರ ಪೊಟೊಮ್ಯಾಕ್ ಸೈನ್ಯದ ಹೊಣೆ ಸಿಕ್ಕಾಗ ಸಾಹೇಬರಿಗೆ 34 ವರ್ಷ. ಪತ್ರಿಕೆಗಳು ಕಿರಿಯ ನೆಪೋಲಿಯನ್ ಅಂದವು. ಅವರೂ ಕೋಟಿನೊಳಗೆ ಕೈ ತೂರಿಸಿಕೊಂಡು ಫೋಟೋ ತೆಗೆಸಿಕೊಂಡರು. ಸೈನ್ಯಕ್ಕೆ ಶಿಸ್ತು ಕಲಿಸಿದ್ದು ನಿಜ, ಸೈನಿಕರು ಅವರನ್ನು ಪ್ರೀತಿಸಿದ್ದೂ ನಿಜ. ಕವಾಯತು ಆಯಿತು, ಪರೇಡು ಆಯಿತು, ಮತ್ತೆ ಕವಾಯತು ಆಯಿತು. ಉತ್ತರನ ಪೌರುಷ ಒಲೆಯ ಮುಂದೆ ಅಂತಾರಲ್ಲ, ಇವರದು ಪರೇಡ್ ಮೈದಾನದಲ್ಲಿ.

ಆ ವರ್ಷ ನವೆಂಬರ್‌ನ ಒಂದು ರಾತ್ರಿ ಲಿಂಕನ್ ಅವರೇ ಇವರ ಮನೆಗೆ ಹೋದರು. ಜೊತೆಗೆ ಮಂತ್ರಿ ಸೀವರ್ಡ್, ಕಾರ್ಯದರ್ಶಿ ಜಾನ್ ಹೇ. ಸಾಹೇಬರು ಮದುವೆಗೆ ಹೋಗಿದ್ದಾರೆ ಅಂದರು. ಮೂವರೂ ಕಾದು ಕೂತರು. ಸಾಹೇಬರು ಬಂದರು. ಅಧ್ಯಕ್ಷರು ಕಾಯುತ್ತಿದ್ದಾರೆ ಅಂತ ಆಳು ಹೇಳಿದ. ಅವರು ಕೂತಿದ್ದ ಕೋಣೆಯನ್ನು ದಾಟಿಕೊಂಡು ಸೀದಾ ಮಹಡಿ ಹತ್ತಿದರು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೇಳಿಕಳಿಸಿದಾಗ ಬಂದ ಉತ್ತರ: ಸಾಹೇಬರು ಮಲಗಿಬಿಟ್ಟಿದ್ದಾರೆ.

ಮಾರನೇ ವರ್ಷ ಯಾರ್ಕ್‌ಟೌನ್. ಎದುರಿಗಿದ್ದ ದಕ್ಷಿಣದ ಜನರಲ್ ಮಗ್ರೂಡರ್ ಬಳಿ ಮೊದಲಿಗೆ ಇದ್ದದ್ದು ಸುಮಾರು 13,000 ಜನ. ಆತನಿಗೆ ನಾಟಕದ ಹುಚ್ಚು ಬೇರೆ. ನಮ್ಮ ಕಂಪನಿ ನಾಟಕಗಳಲ್ಲಿ ಅದೇ ನಾಲ್ಕು ಸೈನಿಕರು ಪರದೆ ಹಿಂದೆ ಸುತ್ತು ಹಾಕಿ ಮತ್ತೆ ಮತ್ತೆ ಬರುತ್ತಾರಲ್ಲ, ಹಾಗೆ ತನ್ನ ದಂಡನ್ನು ಸುತ್ತಿ ಸುತ್ತಿ ತೋರಿಸಿದ. ಸಾಹೇಬರು ಪ್ರತಿ ಸುತ್ತನ್ನೂ ಭಕ್ತಿಯಿಂದ ಎಣಿಸಿದರು. ಕಂದಕ ತೋಡಿಸಿ, ದೊಡ್ಡ ದೊಡ್ಡ ಫಿರಂಗಿ ತರಿಸಿ, ಒಂದು ತಿಂಗಳು ಅಲ್ಲೇ ಬೀಡು ಬಿಟ್ಟರು. ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಶತ್ರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದ.

ಜೂನ್ ಹೊತ್ತಿಗೆ ಶತ್ರುಗಳು 2 ಲಕ್ಷ ಇದ್ದಾರಂತೆ ಅಂತ ತಂತಿ ಹೋಯಿತು. ನಿಜಕ್ಕೂ ಒಂದು ಲಕ್ಷವೂ ಇರಲಿಲ್ಲ. ಲೆಕ್ಕ ಕೊಡುತ್ತಿದ್ದವನು ಪತ್ತೇದಾರ ಪಿಂಕರ್ಟನ್. ಅಕ್ಟೋಬರ್‌ನಲ್ಲಿ ಕುದುರೆಗಳು ದಣಿದಿವೆ, ಬೆನ್ನಟ್ಟಲು ಆಗಲ್ಲ ಅಂದರು. ಆಂಟೀಟಮ್ ಯುದ್ಧ ಮುಗಿದ ಮೇಲೆ ದಣಿಯುವಂಥದ್ದು ಏನು ಮಾಡಿವೆ ನಿಮ್ಮ ಕುದುರೆಗಳು ಅಂತ ಲಿಂಕನ್ ಕೇಳಿದರು. ಸಾಹೇಬರಿಗೆ ಬೇಜಾರಾಯಿತು. ನವೆಂಬರ್‌ನಲ್ಲಿ ಕೆಲಸವೂ ಹೋಯಿತು.

ಮತ್ತೆ ಮಾಡುವುದೇನು? ಚುನಾವಣೆಗೆ ನಿಂತರು. ಅದೂ ರಾಜೀನಾಮೆ ಕೊಡದೆ. ಸೈನ್ಯದ ಸಂಬಳ ಎಣಿಸಿಕೊಳ್ಳುತ್ತಲೇ ಸೈನ್ಯದ ಯಜಮಾನನ ವಿರುದ್ಧ ಸ್ಪರ್ಧೆ! ರಾಜೀನಾಮೆ ಜಾರಿಗೆ ಬಂದದ್ದು ಮತದಾನದ ದಿನ, 1864ರ ನವೆಂಬರ್ 8ಕ್ಕೆ. ಅವರ ಡೆಮಾಕ್ರಟಿಕ್ ಪಕ್ಷ ಷಿಕಾಗೋದಲ್ಲಿ ಸೇರಿ, ಯುದ್ಧ ದಂಡ, ಕದನ ನಿಲ್ಲಿಸಿ ಸಂಧಾನ ಮಾಡೋಣ ಅಂತ ಪ್ರಣಾಳಿಕೆ ಹೊರಡಿಸಿತು. ಅದಕ್ಕೆ ಅಭ್ಯರ್ಥಿ ಯಾರು? ಜನರಲ್! ಅವರು ಟಿಕೆಟ್ ಇಟ್ಟುಕೊಂಡು ಪ್ರಣಾಳಿಕೆಯನ್ನು ವಾಪಸ್ ಕಳಿಸಿದರು. ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಪೆಂಡಲ್ಟನ್ ಅದೇ ಪ್ರಣಾಳಿಕೆಯ ಭಕ್ತ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇಷ್ಟಾದರೂ ಗೆಲ್ಲುವ ಲಕ್ಷಣ ಇತ್ತು ನೋಡಿ. ತಾನು ಸೋಲಬಹುದು ಅಂತ ಆಗಸ್ಟ್ 23ರಂದು ಲಿಂಕನ್ ಅವರೇ ಒಂದು ಚೀಟಿ ಬರೆದು ಮಡಚಿ, ಒಳಗೇನಿದೆ ಅಂತ ತೋರಿಸದೆ ಮಂತ್ರಿಗಳ ಸಹಿ ಹಾಕಿಸಿಕೊಂಡಿದ್ದರು. ಸೆಪ್ಟೆಂಬರ್ 2ಕ್ಕೆ ಅಟ್ಲಾಂಟಾ ಉತ್ತರದವರ ಕೈಗೆ ಬಂದು ಗಾಳಿ ತಿರುಗಿತು. ಎಲೆಕ್ಟರ್‌ಗಳ ಓಟಿನಲ್ಲಿ ಲಿಂಕನ್‌ಗೆ 212, ಸಾಹೇಬರಿಗೆ 21. ಸಾಹೇಬರಿಗೆ ಸಿಕ್ಕಿದ್ದು ಮೂರು ರಾಜ್ಯ. ಸೈನಿಕರು ಪ್ರೀತಿಯನ್ನು ಸಾಹೇಬರಿಗೇ ಇಟ್ಟು, ಓಟನ್ನು ಲಿಂಕನ್‌ಗೆ ಹಾಕಿದರು.

ಈಗ ಅಟ್ಲಾಂಟಾ ಬೀಳಲಿಲ್ಲ, ಸಾಹೇಬರು ಗೆದ್ದರು ಅಂತಲೇ ಇಟ್ಟುಕೊಳ್ಳಿ.

1865ರ ಮಾರ್ಚ್ 4. ಪ್ರಮಾಣವಚನ. ಕೋಟಿನೊಳಗಿಂದ ಕೈ ತೆಗೆದು ಬೈಬಲ್ ಮೇಲೆ ಇಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಾರನೇ ದಿನ ಪಿಂಕರ್ಟನ್ ವರದಿ: ಸೆನೆಟ್‌ನಲ್ಲಿ ಒಟ್ಟು ಸದಸ್ಯರಿಗಿಂತ ವಿರೋಧಿಗಳೇ ಜಾಸ್ತಿ ಇದ್ದಾರೆ. ಸಾಹೇಬರು ಶ್ವೇತಭವನದ ಸುತ್ತ ಕಂದಕ ತೋಡಿಸುತ್ತಾರೆ. ಮಸೂದೆಗಳಿಗೆ ದಿನಾ ಬೆಳಿಗ್ಗೆ ಕವಾಯತು, ಸಹಿ ಮಾತ್ರ ಇಲ್ಲ. ಇನ್ನೊಂದು ತೊಡಕು. ಅಧ್ಯಕ್ಷರೂ ಅವರೇ, ಜನರಲ್ಲೂ ಅವರೇ. ಹಾಗಾಗಿ ಕೆಳಗೆ ತಮಗಾಗಿ ತಾವೇ ಕಾದು ಕೂತು, ಮೇಲೆ ಹೋಗಿ ಮಲಗಬೇಕು.

ನಿಜವಾದ ಚರಿತ್ರೆಯಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗಿದ್ದು ಏಪ್ರಿಲ್ 9ಕ್ಕೆ. ಪ್ರಮಾಣವಚನ ಮುಗಿದು ಬರೀ 36 ದಿನ. ನಮ್ಮ ಸಾಹೇಬರ ಆಳ್ವಿಕೆಯಲ್ಲಿ ಲೀ ಬಿಳಿ ಬಾವುಟ ತೋರಿಸುತ್ತಾನೆ. ಉತ್ತರದ ಸೇನಾಪತಿ ಗ್ರಾಂಟ್ ಖುಷಿಯಿಂದ ತಂತಿ ಕಳಿಸುತ್ತಾನೆ. ವಾಷಿಂಗ್ಟನ್‌ನಿಂದ ಉತ್ತರ: ‘ಅವಸರ ಬೇಡ. ಒಂದು ಬಾವುಟದ ಹಿಂದೆ ಎರಡು ಲಕ್ಷ ಬಾವುಟ ಇರಬಹುದು. ಹೆಚ್ಚಿನ ಪಡೆ ಬರುವವರೆಗೆ ಶರಣಾಗತಿ ಸ್ವೀಕರಿಸಬಾರದು. ಕುದುರೆಗಳಿಗೂ ವಿಶ್ರಾಂತಿ ಇರಲಿ.’ ಬಾವುಟ ಹಿಡಿದು ನಿಂತವನ ಕೈ ನೋಯುತ್ತದೆ. ಲೀ ಕೂಡ ಮರ್ಯಾದಸ್ಥ, ಕಾಯುತ್ತಾನೆ.

ಈ ಕಾಯುವಿಕೆಯ ಬಿಲ್ಲು ಯಾರ ಹೆಸರಿಗೆ ಹೋಗುತ್ತಿತ್ತು ಅಂತ ಮಾತ್ರ ಆಟ ಆಡುವವರು ಕೇಳುವುದಿಲ್ಲ. ಯುದ್ಧ ಶುರುವಾದಾಗ ದಕ್ಷಿಣದಲ್ಲಿ ಗುಲಾಮರಾಗಿದ್ದವರು ಹತ್ತಿರಹತ್ತಿರ 40 ಲಕ್ಷ. ಸಾಹೇಬರು ಸಂಧಾನಕ್ಕೆ ಇಟ್ಟ ಷರತ್ತು ಒಂದೇ: ಒಕ್ಕೂಟಕ್ಕೆ ವಾಪಸ್ ಬನ್ನಿ. ಗುಲಾಮಗಿರಿ ಬಿಡಿ ಎಂಬ ಷರತ್ತು ಅದರಲ್ಲಿ ಇರಲಿಲ್ಲ. ಶತ್ರುಗಳನ್ನು ಎರಡರಷ್ಟು ಎಣಿಸುತ್ತಿದ್ದ ಮನುಷ್ಯ ಇವರನ್ನು ಎಣಿಸಲೇ ಇಲ್ಲ.

1868 ಬರುತ್ತದೆ. ಮರುಚುನಾವಣೆ. ‘ಯುದ್ಧ ಇನ್ನೂ ಮುಗಿದಿಲ್ಲ, ಇಂಥ ಹೊತ್ತಲ್ಲಿ ಅನುಭವಿ ಜನರಲ್ಲೇ ಬೇಕು’ ಅಂತ ಊರೂರಲ್ಲಿ ಬ್ಯಾಂಡು ಬಾರಿಸುತ್ತಾರೆ, ಜನ ಟೋಪಿ ಹಾರಿಸುತ್ತಾರೆ. ಹೊಳೆ ದಾಟುವಾಗ ಕುದುರೆ ಬದಲಿಸಬಾರದು ಅಂತ 1864ರಲ್ಲಿ ಲಿಂಕನ್ ಹೇಳಿದ ಮಾತನ್ನೇ ಸಾಹೇಬರ ಕಡೆಯವರು ಎತ್ತಿಕೊಳ್ಳುತ್ತಾರೆ. ಸಾಹೇಬರು ಮಾತ್ರ ಇನ್ನೂ ಈ ದಡದಲ್ಲೇ ಕೂತು, ಹೊಳೆಯಲ್ಲಿ ಎಷ್ಟು ನೀರಿದೆ ಅಂತ ಪಿಂಕರ್ಟನ್‌ನಿಂದ ಲೆಕ್ಕ ಹಾಕಿಸುತ್ತಿರುತ್ತಾರೆ.